ಹೆಪ್ಪು ಬಿದ್ದ ಕೈ

ಕಲ್ಲಿನ ಮೇಲೆ ಹುಣಸೆಹಣ್ಣನ್ನು ನಾನು ಹಿಡಿದಿದ್ದೆ, ಕೊಟ್ರವ್ವ ಮರದ ಕೊಡತಿಯಿಂದ ಬಡಿಯುತ್ತಿದ್ದಳು. ಬೀಜ ಹೊರಗೆ ಹಾರಬೇಕು, ತಿರುಳು ಕಲ್ಲಿಗೆ ಅಂಟಬಾರದು, ನನ್ನ ಬೆರಳು ನಡುವೆ ಸಿಗಬಾರದು. ಇದಿಷ್ಟೂ ಆಗಬೇಕಾದರೆ ಬಡಿಯುವವಳ ಜೀವ ಹಿಡಿಯುವವಳ ಬೆರಳಿನಲ್ಲಿ ಇರಬೇಕು. ಕೊಟ್ರವ್ವನ ಜೀವ ನನ್ನ ಬೆರಳಿನಲ್ಲಿ ಇದ್ದು ಎಷ್ಟೋ ಸುಗ್ಗಿ ಕಳೆದಿದ್ದವು. ಆವತ್ತು ಮಾತ್ರ ಕೊಡತಿ ಹಣ್ಣನ್ನು ಬಿಟ್ಟು ನನ್ನ ತೋರುಬೆರಳ ಮೇಲೆ ಬಿತ್ತು.

"ನೋಡಿ ಹಿಡೀಬಾರದೇನ ನೀಲಿ" ಅಂದಳು.

"ಹಿಡಿದ ಕೈ ಹಿಡಿದಲ್ಲೇ ಐತಿ. ದಾರಿ ತಪ್ಪಿದ್ದು ಕೊಡತಿ."

"ಕೊಡತಿಗೆ ವಯಸ್ಸಾತು."

"ಹ್ವಾದ ಸುಗ್ಗ್ಯಾಗ ಮಾಡಿಸಿದ ಕೊಡತಿಗೆ ಈ ವರ್ಷ ವಯಸ್ಸಾತಾ?"

ಬೆರಳನ್ನು ಬಾಯಲ್ಲಿಟ್ಟುಕೊಂಡು ನಾನು ಅವಳ ಬಲಗೈ ನೋಡಿದೆ. ಅವಳು ಅದನ್ನು ಬೀಜದ ರಾಶಿಯೊಳಗೆ ತೂರಿಸಿ ಏನೋ ಹುಡುಕುವವಳಂತೆ ಆಡಿಸತೊಡಗಿದಳು. ಆ ವಾರದಲ್ಲಿ ಕೊಡತಿ ತಪ್ಪಿದ್ದು ಅದೇ ಮೊದಲಲ್ಲ.

ನನ್ನ ಎಡಗೈ, ಅವಳ ಬಲಗೈ: ಇವೆರಡು ಕೂಡಿದರೆ ನಾವೊಂದು ಜೋಡಿ. ನನ್ನ ಬಲಗೈಯೂ ಅವಳ ಎಡಗೈಯೂ ಒಣಗಿದ ಶುಂಠಿಯ ಹಾಗೆ ಸೊಟ್ಟಗಾಗಿ ಸೆರಗಿನ ಒಳಗೆ ಕೂತಿರುತ್ತವೆ. ನಮ್ಮ ಊರಲ್ಲಿ ಎಲ್ಲರದೂ ಹೀಗೇ. ಮದ್ದು ಹಾಕಿದ ಕೈಗೆ ಹೆಪ್ಪುಗೈ ಅನ್ನುತ್ತೇವೆ, ಹಾಕದ ಕೈಗೆ ಬರಿಗೈ. ಬರಿಗೈಯನ್ನು ಹೊರಗೆ ತೋರಿಸುವುದು ಉಂಡೆದ್ದ ಎಲೆಯನ್ನು ಬೀದಿಯಲ್ಲಿ ಹಿಡಿದುಕೊಂಡು ತಿರುಗಿದ ಹಾಗೆ.

ಹುಡುಗರು ಶಾಲೆಯಲ್ಲಿ ಪದ್ಯ ಹೇಳಿದರೆ ನಾವು ಪಕ್ಕದವಳ ಅಂಗೈಗೆ ಅಂಗೈ ಬಡಿದು ಚಪ್ಪಾಳೆ ಹೊಡೆಯುತ್ತೇವೆ. ಹಿರಿಯರು ಬಂದರೆ ಇಬ್ಬಿಬ್ಬರು ಸೇರಿ ಒಂದು ನಮಸ್ಕಾರ ಮಾಡುತ್ತೇವೆ. ಬಳೆಗಾರ ಬಂದರೆ ನಾವು ಒಂದು ಜೊತೆ ಕೊಳ್ಳುತ್ತೇವೆ, ಅವನು ಒಂದನ್ನು ಕೊಟ್ರವ್ವನ ಬಲಕ್ಕೆ, ಒಂದನ್ನು ನನ್ನ ಎಡಕ್ಕೆ ಏರಿಸುತ್ತಾನೆ. ಜಗಳವಾಡಿ ಮಾತು ಬಿಟ್ಟ ಜೋಡಿಯೂ ಸಂಜೆ ಒದ್ದೆ ಸೀರೆಯ ಆ ತುದಿ ಈ ತುದಿ ಹಿಡಿದು, ಮುಖ ತಿರುಗಿಸಿಕೊಂಡೇ ಹಿಂಡಿ ಹೋಗಬೇಕು. ಕಾಗದಕ್ಕೆ ಸಹಿ ಬೇಕಾದರೂ ಇಬ್ಬರ ಹೆಪ್ಪುಗೈಯ ಹೆಬ್ಬೆಟ್ಟು ಅಕ್ಕಪಕ್ಕ ಬೀಳಬೇಕು, ಒಂದೇ ಇದ್ದರೆ ಅದು ಮಾತಲ್ಲ. ಹೊರಗಿನಿಂದ ಬಂದವರಿಗೆ ಎರಡೂ ಕೈ ನೆಟ್ಟಗಿರುತ್ತವೆ. ಮರ್ಯಾದೆ ಬಲ್ಲವರಾದರೆ ಊರೊಳಗೆ ಕಾಲಿಡುವಾಗಲೇ ಒಂದನ್ನು ಜೇಬಿಗೆ ಇಳಿಸಿಬಿಡುತ್ತಾರೆ. ಬಸ್ಸಿನ ಕಂಡಕ್ಟರ್ ಕೂಡ ನಮ್ಮ ನಿಲ್ದಾಣ ಬಂದಾಗ ಟಿಕೆಟ್ಟನ್ನು ಹಲ್ಲಿನಿಂದ ಹರಿದು ಕೊಡುತ್ತಾನೆ. ಹಸಿದವರ ಎದುರು ಉಣ್ಣಬಾರದು ಅನ್ನುವ ನಾಚಿಕೆ ಅವನಿಗೂ ಉಂಟು.

ಬೇನೆ ನಮ್ಮಲ್ಲಿ ಮೊದಲಿನಿಂದ ಇತ್ತು. ಮದುವೆಯಾಗಿ ಒಂದೆರಡು ಮಕ್ಕಳಾಗುವಷ್ಟರಲ್ಲಿ ಬೆಳಗಿನ ಹೊತ್ತು ಬೆರಳ ಗೆಣ್ಣು ಬಿಗಿಯುತ್ತದೆ, ಬಾತುಕೊಳ್ಳುತ್ತದೆ, ಕೊನೆಗೆ ಓರೆಯಾಗಿ ನಿಂತುಬಿಡುತ್ತದೆ. ನಮ್ಮ ಅವ್ವಂದಿರಿಗೆ ಎರಡೂ ಕೈ ಹೋಗಿದ್ದವು. ತುತ್ತು ನಾವು ಇಡುತ್ತಿದ್ದೆವು. ಆಮೇಲೆ ದೊಡ್ಡ ಡಾಕ್ಟರು, ಹೊಸ ಮದ್ದು ಕಂಡುಹಿಡಿಯುವ ಸಂಸ್ಥೆಯೊಂದರ ವ್ಯಾನಿನಲ್ಲಿ ಬಂದರು. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ, ನಿಮ್ಮ ಮೈಯ ಕಾವಲು ನಿಮ್ಮ ಕೀಲನ್ನೇ ಕಚ್ಚುತ್ತಿದೆ ಅಂದರು. ಆ ನಾಯಿಯ ಬಾಯಿ ಕಟ್ಟುವ ಮದ್ದನ್ನು ತಯಾರಿಸುವ ಒಂದು ಜೀನ್ ಇದೆ, ಹಲ್ಲು ಕಿತ್ತ ವೈರಸ್ಸಿನ ಬೆನ್ನ ಮೇಲೆ ಅದನ್ನು ಕೂರಿಸಿ ಗೆಣ್ಣಿನೊಳಗೆ ಬಿಟ್ಟರೆ ಗೆಣ್ಣೇ ತನ್ನ ಮದ್ದನ್ನು ತಾನು ಮಾಡಿಕೊಳ್ಳುತ್ತದೆ ಅಂದರು. ಎಲ್ಲರೂ ಬಾಯಿ ತೆರೆದು ಕೂತಿದ್ದಾಗ ಕೊಟ್ರವ್ವ, "ಹಾಲಿಗೆ ಹೆಪ್ಪು ಹಾಕಿದಂಗ ಅಂತ ಹೇಳ್ರಲ್ಲ, ಮುಗೀತು" ಅಂದಳು. ಡಾಕ್ಟರು ನಕ್ಕು, ಹೌದು ಹಾಗೇ ಅಂದರು. ಕೆಲವರಿಗೆ ಎಡ, ಕೆಲವರಿಗೆ ಬಲ, ಒಂದು ಕೈಯ ಗೆಣ್ಣುಗಳಿಗೆ ಹೆಪ್ಪು ಚುಚ್ಚಿದರು, ಇನ್ನೊಂದಕ್ಕೆ ಉಪ್ಪುನೀರು. ಎರಡನ್ನೂ ಹೋಲಿಸಿ ನೋಡಬೇಕು, ಅದು ಶಾಸ್ತ್ರ ಅಂದರು. ನೋಡಿ ಆದಮೇಲೆ ಇನ್ನೊಂದು ಕೈಗೂ ಹಾಕಿಕೊಡುತ್ತೇವೆ ಅಂದರು.

ಹೆಪ್ಪು ಹಿಡಿಯಿತು. ಸುಳ್ಳು ಹೇಳಬಾರದು. ಬೆಳಿಗ್ಗೆ ಎದ್ದು ಎಡಗೈಯನ್ನು ಮಡಚಿ ಬಿಡಿಸಿ ನೋಡಿಕೊಂಡು ಅತ್ತಿದ್ದೇನೆ. ಆಮೇಲೆ ಬಲಗೈ ನೋಡಿಕೊಂಡು, ತಡಿ, ನಿನ್ನ ಸರದಿಯೂ ಬರುತ್ತದೆ ಅಂತ ಸಣ್ಣ ಕೂಸಿಗೆ ಹೇಳಿದ ಹಾಗೆ ಹೇಳಿದ್ದೇನೆ. ವರ್ಷಕ್ಕೊಮ್ಮೆ ವ್ಯಾನ್ ಬರುತ್ತಿತ್ತು, ಅಳೆಯುತ್ತಿದ್ದರು, ಚಿತ್ರ ತೆಗೆಯುತ್ತಿದ್ದರು, ಹೋಗುತ್ತಿದ್ದರು. ನಮ್ಮ ಬರಿಗೈಗಳು ಅವರ ಚಿತ್ರದಲ್ಲೇ ಸೊಟ್ಟಗಾದವು.

ಹೋದ ವರ್ಷ ವ್ಯಾನಿನಲ್ಲಿ ಒಬ್ಬ ಸಣ್ಣ ಡಾಕ್ಟರಮ್ಮ ಬಂದಿದ್ದಳು. ಹೊಸಬಳು. ನಾವು ಅವಳ ಎದುರು ಬೆಂಚಿನ ಮೇಲೆ ಕೂತಿದ್ದೆವು.

"ಇನ್ನೊಂದು ಕೈಗೆ ಯಾವಾಗ್ರಿ?" ಅಂತ ಕೊಟ್ರವ್ವ ಕೇಳಿದಳು.

ಆ ಹುಡುಗಿಯ ಮುಖ ಇಳಿಯಿತು. "ಅಜ್ಜಿ, ನಿಮಗೆ ಯಾರೂ ಹೇಳಿಲ್ವಾ? ಒಮ್ಮೆ ಒಳಗೆ ಬಂದ ವೈರಸ್ಸಿನ ಮುಖವನ್ನ ಮೈ ಮರೆಯೋದಿಲ್ಲ. ಎರಡನೇ ಸಲ ಬಂದ್ರೆ ಬಾಗಿಲಲ್ಲೇ ಕೊಂದುಹಾಕತ್ತೆ. ಮದ್ದು ಒಳಗೆ ಹೋಗೋದೇ ಇಲ್ಲ."

"ಹಂಗಾದ್ರ ಆವತ್ತ ಎರಡಕ್ಕೂ ಹಾಕಬೇಕಿತ್ತು."

"ಹಾಕಬಹುದಿತ್ತು."

"ಮತ್ತ ಯಾಕ ಹಾಕಲಿಲ್ಲ?"

"ಹೋಲಿಸಿ ನೋಡಬೇಕಿತ್ತಲ್ಲ ಅಜ್ಜಿ."

"ನೋಡಿದ್ರೇನು?"

"ನೋಡಿದ್ರು."

"ಏನು ಕಂಡ್ರಿ?"

"ಮದ್ದು ಹಾಕಿದ ಕೈ ಚೆನ್ನಾಗಿತ್ತು. ಹಾಕದೇ ಇದ್ದದ್ದು ಕೆಟ್ಟಿತ್ತು."

"ಅಷ್ಟ ಅಲ್ಲೇನು" ಅಂದಳು ಕೊಟ್ರವ್ವ. "ನಮ್ಮನ್ನ ಕೇಳಿದ್ರ ಹೇಳ್ತಿದ್ವಿ. ವ್ಯಾನಿನ ಎಣ್ಣೆ ಉಳೀತಿತ್ತು."

ಸಣ್ಣ ಡಾಕ್ಟರಮ್ಮ ನಗಲಿಲ್ಲ. ಕೆಲವರಲ್ಲಿ ಹೆಪ್ಪು ವಯಸ್ಸಾದ ಮೇಲೆ ಸೋಲುತ್ತದೆ ಅನ್ನುವುದನ್ನೂ ಹೇಳಿದಳು. ಹೋಗುವ ಮುಂಚೆ ನನ್ನನ್ನು ವ್ಯಾನಿನ ಹಿಂದಕ್ಕೆ ಕರೆದಳು. ಮುಂದಿನ ವರ್ಷ ಯುಗಾದಿ ಕಳೆದ ಮೇಲೆ ಹೊಸ ಪ್ರಾಯದವರಿಗೆ ಹೆಪ್ಪು ಹಾಕಲು ಬರುತ್ತಾರೆ, ಹಳೆಯ ಪದ್ಧತಿಯಂತೆ ಮತ್ತೆ ಒಂದೇ ಕೈಗೆ, ಕಂಡದ್ದನ್ನು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಬೇಕಂತೆ. "ಎರಡೂ ಕೈಗೆ ಒಂದೇ ದಿನ ಹಾಕೋಕೆ ಮದ್ದು ಇದೆ. ಹೋಲಿಸೋಕೆ ಬೇರೆ ದಾರಿನೂ ಇದೆ. ನಾನು ಹೇಳಿದ್ರೆ ಕೇಳಲ್ಲ. ಊರಿನವರೇ ಬರೆದು ಕಳಿಸಿದ್ರೆ ಕೇಳಲೇಬೇಕಾಗತ್ತೆ" ಅಂದಳು. ಹಾಗೆ ಹೇಳುವಾಗ ತನ್ನ ಎಡಗೈಯನ್ನು ಬಿಳಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಇದ್ದಳು.

ಬರೆಯಲು ನಾನು ಕೂತೆ. ತಲೆ ನರೆತ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಎಡಗೈಯಲ್ಲಿ ಬಳಪ ಹಿಡಿದರೆ ಪಾಟಿ ಜಾರುತ್ತದೆ, ಅದಕ್ಕೆ ಕೊಟ್ರವ್ವ ಎದುರು ಕೂತು ಪಾಟಿ ಹಿಡಿಯುತ್ತಿದ್ದಳು. ತನಗೆ ಈ ವಯಸ್ಸಿನಲ್ಲಿ ಅಕ್ಷರ ಬೇಡವೇ ಬೇಡ ಅಂತ ಹಟ ಹಿಡಿದಿದ್ದಳು. ಕಣ್ಣಿಗೆ ಬಿದ್ದದ್ದನ್ನು ಬೇಡ ಅನ್ನಲು ಬರುತ್ತದೆಯೇ? ನಾನು ಓದು ಕಲಿಯುವಷ್ಟರಲ್ಲಿ ಅವಳೂ ಕಲಿತಿದ್ದಳು, ಆದರೆ ತಲೆಕೆಳಗಾಗಿ. ಇವತ್ತಿಗೂ ಗೋಡೆಯ ಮೇಲಿನ ಬರಹ ಅವಳಿಗೆ ಬಾರದು. ಕಾಗದವನ್ನು ತಿರುವಿ ಹಿಡಿದರೆ ಗಡಗಡ ಓದುತ್ತಾಳೆ.

ಆವತ್ತೂ ಅವಳೇ ಕಾಗದ ಹಿಡಿದಿದ್ದಳು. ನಮ್ಮ ಕೈಗಳ ಕಥೆಯನ್ನು ಬರೆದು ಕೊನೆಗೆ ಹೀಗೆ ಬರೆದೆ: ನಮ್ಮ ಮಕ್ಕಳಿಗೆ ಎರಡೂ ಕೈಗೆ ಹಾಕುವುದಾದರೆ ಬನ್ನಿ. ಒಂದಕ್ಕೇ ಆದರೆ ಬರಬೇಡಿ.

ಕೊಟ್ರವ್ವ ಎದುರಿನಿಂದ ಓದಿದಳು. ಓದಿ ಕಾಗದದ ಮೇಲಿನ ಕೈ ತೆಗೆದಳು. ಗಾಳಿಗೆ ಅದು ಹಾರಿ ಒಲೆಯ ಹತ್ತಿರ ಹೋಗಿ ಬಿತ್ತು.

"ಬರಬ್ಯಾಡ್ರಿ ಅಂತ ಬರದೀ."

"ಹಂಗ ಬರದ್ರನ ಕೇಳ್ತಾರ."

"ಕೇಳದಿದ್ರ? ಒಂದೂ ಇಲ್ಲ. ನಮ್ಮ ಅವ್ವಂದಿರಂಗ ಬಾಯಿಗೆ ತುತ್ತು ಇಡಿಸಿಕೋಬೇಕು. ಶಕ್ಕು ಕೈ ಈಗಾಗಲೇ ಮುಂಜಾನೆ ಬಿಗೀತಾವ. ನಿನಗೇನಬೇ, ನಿನಗ ಮೊಮ್ಮಕ್ಕಳಿಲ್ಲ."

ಶಕ್ಕು, ಅಂದರೆ ಶಕುಂತಲಾ, ಅವಳ ಮೊಮ್ಮಗಳು. ತಾಯಿ ಸತ್ತ ಮೇಲೆ ಅಜ್ಜಿಯೇ ಸಾಕಿದ್ದಾಳೆ. ಆ ಹುಡುಗಿಯ ಹಾಲುಹಲ್ಲು ಬಿದ್ದಾಗ ಮಾಡಿನ ಮೇಲೆ ಎಸೆದದ್ದು ನನ್ನ ಎಡಗೈ. ಆದರೂ ಕೊಟ್ರವ್ವನ ಮಾತು ತಪ್ಪು ಅನ್ನಲು ನನಗೆ ಧೈರ್ಯವಿರಲಿಲ್ಲ. ಸಂಸ್ಥೆಯವರು ಬರದೇ ಹೋದರೆ ಆ ಮಗುವಿನ ಎರಡೂ ಕೈ ಹೋಗುತ್ತವೆ, ನನ್ನ ವಾಕ್ಯ ಚೆನ್ನಾಗಿ ಉಳಿಯುತ್ತದೆ.

ಬರೆದ ಜೋಡಿಯ ಹೆಬ್ಬೆಟ್ಟು ಬೀಳದೆ ಉಳಿದವರು ಒತ್ತುವುದಿಲ್ಲ. ಹಾಗಾಗಿ ಕಾಗದ ನನ್ನ ಮೆಣಸಿನಕಾಯಿ ಡಬ್ಬಿಯಲ್ಲಿ ಉಳಿಯಿತು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಹುಣಸೆ ಸುಗ್ಗಿ ಬಂದು ನಾವು ಗುರುಶಾಂತಪ್ಪನ ಕಣದಲ್ಲಿ ಎದುರು ಬದುರು ಕೂತೆವು. ಕಾಗದದ ಮಾತನ್ನು ಇಬ್ಬರೂ ಎತ್ತಲಿಲ್ಲ. ನಡುವೆ ಕಲ್ಲು ಇತ್ತು, ಹಣ್ಣು ಇತ್ತು, ಕೊಡತಿ ಇತ್ತು.

ಗುರುಶಾಂತಪ್ಪ ಹೊರಗಿನಿಂದ ಬಂದು ಕಣ ಮಾಡಿದವನು. ಮರ್ಯಾದೆಯ ಮನುಷ್ಯ, ಎಡಗೈ ಸದಾ ಜುಬ್ಬದ ಜೇಬಿನಲ್ಲಿ, ಒಳಗೆ ಕೀಲಿಕೈ ಗೊಂಚಲು ಗಿಲಗಿಲ ಅನ್ನುತ್ತಿರುತ್ತದೆ. ನಮ್ಮ ಊರಿನಲ್ಲಿ ಜೋಡಿಗೆ ಒಂದು ಕೂಲಿ ಅನ್ನುವ ನ್ಯಾಯ ತಂದವನು ಅವನೇ. ಲೋಕದಲ್ಲೆಲ್ಲ ಎರಡು ಕೈಗೆ ಒಂದು ಕೂಲಿ, ಇಲ್ಲಿಯೂ ಎರಡು ಕೈಗೆ ಒಂದು ಕೂಲಿ, ಮೋಸ ಎಲ್ಲಿ ಬಂತು ಅನ್ನುತ್ತಾನೆ. ಹೊಟ್ಟೆ ಎರಡು ಇದ್ದಾವಲ್ಲ ಯಜಮಾನ್ರೆ ಅಂತ ಹಿಂದೆ ಒಬ್ಬಳು ಕೇಳಿದ್ದಳು. ಅವಳ ಜೋಡಿಗೆ ಮರುದಿನ ಕಣದಲ್ಲಿ ಕಲ್ಲು ಸಿಗಲಿಲ್ಲ.

ಕೊಡತಿ ನನ್ನ ಬೆರಳ ಮೇಲೆ ಬಿದ್ದ ದಿನವೇ ಮಧ್ಯಾಹ್ನ ಅವನು ನಮ್ಮ ಕಲ್ಲಿನ ಹತ್ತಿರ ಬಂದು ನಿಂತ.

"ನೀಲವ್ವ, ಏನೋ ಬರದಿಟ್ಟೀ ಅಂತ ಸುದ್ದಿ."

"ಬರದೀನ್ರಿ. ಮೆಣಸಿನಕಾಯಿ ಜೊತಿ ಐತಿ."

"ಅಲ್ಲೇ ಇರಲಿ, ಖಾರ ಹಿಡೀಲಿ. ಒಂಟಿ ಕೈಯಾಗ ಊರು ಎಷ್ಟು ಒಗ್ಗಟ್ಟಿನಿಂದ ನಡದೈತಿ. ಎರಡೆರಡು ಕೈ ಬಂದ್ರ ಒಬ್ಬರಿಗೊಬ್ಬರು ಬೇಕಾಗೂದಿಲ್ಲ. ಹೌದೋ ಅಲ್ಲೋ ಕೊಟ್ರವ್ವ?"

ಕೊಟ್ರವ್ವ ತಲೆ ಎತ್ತಲಿಲ್ಲ. "ಯಜಮಾನ್ರ ಮನ್ಯಾಗ ಎಲ್ಲಾರಿಗೂ ಎರಡೆರಡು ಅದಾವಂತ. ಹಂಗಾರ ಅಲ್ಲಿ ಯಾರಿಗೂ ಯಾರೂ ಬೇಕಾಗಿಲ್ಲೇನ್ರಿ?" ಅಂದಳು.

ಕೀಲಿಕೈ ಸದ್ದು ನಿಂತಿತು. ಅವನು ನಕ್ಕ. "ನಿನ್ನ ಮೊಮ್ಮಗಳಿಗೆ ಜೋಡಿ ಗೊತ್ತು ಮಾಡೀನಿ. ನಮ್ಮ ಆಳುಗಳ ಮುಕಾದಮನ ಮಗಳು ನಾಗರತ್ನಗ ಎಡಗೈ, ಶಕ್ಕುಗ ಬಲಗೈ. ಸಂಸ್ಥೆಯವರು ಬರೋಕಿಂತ ಮೊದಲ ಕೈ ಕೂಡಿಸಿಬಿಡೂಣು. ಮುಂದಿನ ಸುಗ್ಗಿಗೆ ಈ ಕಲ್ಲಿನ ಮ್ಯಾಲ ಅವರನ್ನ ಕೂಡ್ರಸ್ತೀನಿ." ಹೋಗುವ ಮೊದಲು ಕೊಟ್ರವ್ವನ ಕೊಡತಿಯನ್ನೂ ನನ್ನ ಊದಿದ ಬೆರಳನ್ನೂ ಒಮ್ಮೆ ನೋಡಿದ. ಈ ಕಲ್ಲು ನಮ್ಮದು. ಅದು ಖಾಲಿಯಾಗುತ್ತದೆ ಅನ್ನುವುದು ಅವನಿಗೂ ಕಂಡಿತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ತಲೆ ಬಾಚಲು ಕೊಟ್ರವ್ವನ ಮನೆಗೆ ಹೋದೆ. ಹಣಿಗೆ ಅವಳದು, ಕೂದಲು ಹಿಡಿಯುವುದು ನನ್ನದು. ಮೊದಲು ಅವಳ ತಲೆ, ಆಮೇಲೆ ನನ್ನದು. ಹಣಿಗೆ ಎರಡು ಸಲ ಅವಳ ಕೈಯಿಂದ ಜಾರಿ ಬಿತ್ತು. ಇಬ್ಬರೂ ಅದನ್ನು ನೋಡದವರ ಹಾಗೆ ಇದ್ದೆವು. ಅಷ್ಟರಲ್ಲಿ ಹಿತ್ತಿಲಿನಲ್ಲಿ ತಂಬಿಗೆ ಉರುಳಿದ ಸದ್ದಾಯಿತು, ಹೊರಗೆ ಬಂದೆವು.

ಶಕ್ಕು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಜಡೆ ಹಾಕಿಕೊಳ್ಳುತ್ತಿದ್ದಳು. ಎಡಗೈಯನ್ನು ಬೆನ್ನಿಗೆ ಸೇರಿಸಿ, ಹಳೆಯ ಸೀರೆಯ ಅಂಚಿನಿಂದ ಸೊಂಟಕ್ಕೆ ಬಿಗಿದಿದ್ದಳು. ಜಡೆಯ ಒಂದು ಎಳೆ ಹಲ್ಲಿನಲ್ಲಿ, ಇನ್ನೊಂದು ಬಲಗೈಯಲ್ಲಿ, ಮೂರನೆಯದನ್ನು ಹೆಗಲು ಕೆನ್ನೆಗಳ ನಡುವೆ ಒತ್ತಿ ಹಿಡಿದಿದ್ದಳು. ಒಂದು ಎಳೆ ತಪ್ಪಿದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಕಾಲ ಬಳಿ ತಂಬಿಗೆ ಉರುಳಿ ನೀರು ಹರಿದಿತ್ತು.

"ಏನ ಮಾಡಾಕತ್ತೀಯ?" ಅಂತ ಕೊಟ್ರವ್ವ ಕೇಳಿದಳು.

ಶಕ್ಕು ಹಲ್ಲಿನಿಂದ ಎಳೆ ಬಿಟ್ಟಳು. "ರೂಢಿ ಮಾಡ್ಕೊಳಾಕತ್ತೀನಿ ಅಮ್ಮಾ. ನನಗ ಬಲಗೈ ಕೊಡ್ತಾರಂತ. ಈಗಿನಿಂದ ಕಲತ್ರ ಮುಂದ ತ್ರಾಸ ಆಗೂದಿಲ್ಲ. ನಾಗರತ್ನ ಒಂದ ಕೈಲೆ ಒಲಿ ಹಚ್ಚೂದ ಕಲತಾಳ."

"ಆ ಕೈಗೇನಾಗೇತಿ?"

"ಯಾವುದು, ಇದಾ?" ಬೆನ್ನ ಹಿಂದೆ ನೋಡಿಕೊಂಡಳು. "ಇದಕ್ಕೇನಾಗಿಲ್ಲ. ಮುಂಜಾನೆ ಜರಾ ಬಿಗಿ ಅಷ್ಟ."

ಅವಳ ಮಾತಿನಲ್ಲಿ ದುಃಖ ಇರಲಿಲ್ಲ. ಮಳೆಗಾಲಕ್ಕೆ ಸೌದೆ ಒಟ್ಟುವವರ ಮಾತಿನ ಹಾಗೆ ಇತ್ತು. ಕಟ್ಟಿದ ಕೈಯ ಬೆರಳುಗಳು ಬೆನ್ನ ಹಿಂದೆ ತಮ್ಮಷ್ಟಕ್ಕೆ ಆಡುತ್ತಿದ್ದವು, ಜಡೆಗೆ ಸಹಾಯ ಮಾಡಲು ಬರುವ ಹಾಗೆ.

ಕೊಟ್ರವ್ವ ಹೋಗಿ ಗಂಟಿಗೆ ಬಲಗೈ ಹಾಕಿದಳು. ಬಿಚ್ಚಲು ಬರಲಿಲ್ಲ. ಬೆರಳು ಗಂಟಿನ ಮೇಲೆ ಜಾರಿತು, ಮತ್ತೆ ಹಾಕಿದಳು, ಮತ್ತೆ ಜಾರಿತು. ಹೆಪ್ಪು ಸೋತಿದ್ದನ್ನು ನಾನು ಅಷ್ಟು ಹತ್ತಿರದಿಂದ ಮೊದಲ ಸಲ ನೋಡಿದೆ. ಗೆಣ್ಣುಗಳು ಸಣ್ಣಗೆ ಬಾತಿದ್ದವು. ನಾನು ಹೋಗಿ ಗಂಟಿನ ಇನ್ನೊಂದು ಬದಿ ಹಿಡಿದೆ.

"ಬಿಡ್ರೆ, ಒಂಟಿ ಕೈಲೆ ಎಷ್ಟು ಒದ್ದಾಡಿ ಕಟ್ಟೀನಿ" ಅಂದಳು ಶಕ್ಕು, ನಗುತ್ತ.

ಗಂಟು ಬಿಚ್ಚಿತು. ಅವಳ ಮುಂಗೈ ಮೇಲೆ ಸೀರೆಯಂಚಿನ ಗೆರೆ ಕೆಂಪಗೆ ಮೂಡಿತ್ತು. ಕೊಟ್ರವ್ವ ಆ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡು ಒಂದೊಂದೇ ಬೆರಳನ್ನು ಮಡಚಿ ಬಿಡಿಸಿ ನೋಡಿದಳು, ಹಸುಗೂಸಿನ ಬೆರಳನ್ನು ನೋಡಿದ ಹಾಗೆ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು.

"ಡಬ್ಬಿ ತಗೊಂಡು ಬಾ ನೀಲಿ. ಈ ಹೆಬ್ಬಟ್ಟು ಇನ್ನ ಎಷ್ಟು ದಿನ ಹೆಬ್ಬಟ್ಟು ಅನಸ್ಕೊಂತದೋ."

ಕಾಗದಕ್ಕೆ ಮೆಣಸಿನಕಾಯಿ ವಾಸನೆ ಹತ್ತಿತ್ತು. ನನ್ನ ಎಡ ಹೆಬ್ಬೆಟ್ಟನ್ನು ಒತ್ತಿದೆ. ಅವಳ ಬಲ ಹೆಬ್ಬೆಟ್ಟು ಕಾಗದದ ಮೇಲೆ ಸಮನಾಗಿ ಕೂರಲಿಲ್ಲ, ಓರೆಯಾಗಿ ನಿಂತಿತು. ನಾನು ಮೇಲಿನಿಂದ ಅದುಮಿ ಹಿಡಿದೆ. ಅವಳು ಹಲ್ಲು ಕಚ್ಚಿದಳು.

ಕಣಕ್ಕೆ ಹೋಗಿ ಕಲ್ಲಿನಿಂದ ಕಲ್ಲಿಗೆ ಒಯ್ದೆವು. ಹಲವರು ಹುಣಸೆಯ ಅಂಟನ್ನು ಸೀರೆಗೆ ಒರೆಸಿ ಒತ್ತಿದರು. ಕೆಲವರು ಬಡಿತ ನಿಲ್ಲಿಸಲೇ ಇಲ್ಲ. ನಾಗರತ್ನಳ ಅವ್ವ ಕಾಗದ ನೋಡಿ, "ನನ್ನ ಮಗಳಿಗೆ ಒಂದಾದ್ರೂ ಸಿಗ್ತಿತ್ತು. ಅದನ್ನೂ ಕಸಗೊಂಡು ಹೊಂಟೀರಿ. ನಿಮ್ಮ ಕೈ ಉಂಡು ತೇಗ್ಯಾವ" ಅಂದಳು. ನಿನ್ನೆಯವರೆಗೆ ಕೊಟ್ರವ್ವ ಹೇಳಿದ್ದೂ ಅದನ್ನೇ. ಗುರುಶಾಂತಪ್ಪ ಗೋದಾಮಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆವತ್ತು ಅವನು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದ. ಮರ್ಯಾದೆ ಮುಗಿಯಿತು ಅಂತ ಅರ್ಥ. ನಮ್ಮ ಕಲ್ಲಿನ ಮೇಲೆ ಆಗಲೇ ಬೇರೆ ಜೋಡಿ ಕೂತಿತ್ತು.

ಅಂಚೆಪೆಟ್ಟಿಗೆ ಬಸ್ ನಿಲ್ದಾಣದ ಗೋಡೆಯಲ್ಲಿದೆ. ಅದರ ಬಾಯಿಗೆ ಒಂದು ಕಬ್ಬಿಣದ ಮುಚ್ಚಳ, ತುಕ್ಕು ಹಿಡಿದು ಭಾರವಾಗಿದೆ. ಒಬ್ಬರು ಎತ್ತಿ ಹಿಡಿದರೆ ಮಾತ್ರ ಇನ್ನೊಬ್ಬರು ಹಾಕಬಹುದು. ಕೊಟ್ರವ್ವ ಲಕೋಟೆಯನ್ನು ನನ್ನಿಂದ ತೆಗೆದುಕೊಂಡು ತಲೆಕೆಳಗು ಮಾಡಿ ವಿಳಾಸ ಓದಿದಳು. ತಿರುಗಿ ಕೊಟ್ಟಳು.

"ಬರ್ತಾರೇನ?"

"ಗೊತ್ತಿಲ್ಲ."

"ಬರಲಿಲ್ಲಂದ್ರ ಶಕ್ಕುಗ ಏನಂತ ಹೇಳಲಿ?"

"ನಾನೂ ನಿನ್ನ ಜೊತಿ ಬರ್ತೀನಿ, ಹೇಳಾಕ."

"ನೀ ಬಂದು ಏನ ಮಾಡ್ತಿ. ಚಲೋ ಮಾತು ನಿನಗೆಲ್ಲಿ ಬರ್ತಾವ, ಬರೇ ಬರಿಯಾಕ ಬರ್ತದ."

ಬಲಗೈಯಿಂದ ಮುಚ್ಚಳ ಎತ್ತಿದಳು. ಅರ್ಧ ಎದ್ದು ನಡುಗಿತು. ನಾನು ಲಕೋಟೆ ಒಳಗೆ ಇಳಿಸುವಷ್ಟರಲ್ಲಿ ಜಾರಿ ಬಿದ್ದುಬಿಟ್ಟಿತು. ಇನ್ನೊಮ್ಮೆ ಎತ್ತಿದಳು, ಮತ್ತೆ ಬಿತ್ತು. ನಿಲ್ದಾಣದ ಜನ ನೋಡುತ್ತಿದ್ದರು. ನಾನು ಲಕೋಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಮುಚ್ಚಳಕ್ಕೆ ಕೈ ಹಾಕಲು ಹೋದೆ. ಅವಳು ನನ್ನ ಕೈ ತಳ್ಳಿದಳು.

ಸೆರಗು ಸರಿಸಿ ತನ್ನ ಎಡಗೈಯನ್ನು, ಆ ಬರಿಗೈಯನ್ನು, ಊರ ಎದುರು ಹೊರಗೆ ತೆಗೆದಳು. ಇಷ್ಟು ವರ್ಷ ಜೊತೆಗಿದ್ದ ನಾನೂ ಅದನ್ನು ಹಗಲ ಬೆಳಕಿನಲ್ಲಿ ಕಂಡಿರಲಿಲ್ಲ. ಸೊಟ್ಟ ಗೆಣ್ಣುಗಳನ್ನು ಕಬ್ಬಿಣದ ಕೆಳಗೆ ಆನಿಕೆಯ ಹಾಗೆ ಕೊಟ್ಟು, ಬಲಗೈಯನ್ನು ಅದರ ಮೇಲೆ ಸೇರಿಸಿ, ಮುಚ್ಚಳ ಎತ್ತಿದಳು. ಈ ಸಲ ಅದು ನಿಂತಿತು. ಬೆಂಚಿನ ಮೇಲಿದ್ದವರು ಮುಖ ತಿರುಗಿಸಿದರು. ಅವಳ ಹಣೆಯ ಮೇಲೆ ಬೆವರು ಒಡೆದಿತ್ತು.

"ಲಗೂನ ಹಾಕು ನೀಲಿ, ಭಾರ ಐತಿ."

ಹಾಕಿದೆ.